ಹಲ್ಲಣ್ಣನ ಹದಿನಾಲ್ಕನೇ ಹೂವು

ಕಟ್ಟುಹಲ್ಲು ಮಾಡುವವನಿಗೆ ಹಳೇ ಪಿಂಗಾಣಿಯ ಹುಚ್ಚು ಹತ್ತಿದರೆ ಲಾಭ ನನ್ನಂಥ ವ್ಯಾಪಾರಿಗೆ. ಬೇರೆ ಯಾರೂ ಮೂಸಿ ನೋಡದ ಮುಕ್ಕು ಸಾಮಾನನ್ನೆಲ್ಲ ಹಲ್ಲಣ್ಣನ ತಲೆಗೆ ಕಟ್ಟುತ್ತಿದ್ದೆ.

ಯುರೋಪಿನ ಆ ಸಕ್ಕರೆ ಬಟ್ಟಲನ್ನು ಕೊಟ್ಟವನೂ ನಾನೇ. ಇನ್ನೂರು ವರ್ಷದ್ದು, ಮೈತುಂಬ ಬಿಳಿ ಹೂವು. ಬಣ್ಣದಲ್ಲಿ ಬರೆದದ್ದಲ್ಲ, ಒಂದೊಂದು ಎಸಳನ್ನೂ ಬೆರಳ ತುದಿಯಲ್ಲಿ ತಿದ್ದಿ, ಅಂಟಿಸಿ, ಸುಟ್ಟದ್ದು. ಮುಚ್ಚಳದ ಒಂದು ಪಕ್ಕ ಮಾತ್ರ ಹದಿನಾಲ್ಕು ಹೂ ಉದುರಿ ಬೋಳಾಗಿತ್ತು. ಅದಕ್ಕೇ ಮುಚ್ಚಳ ವಾಲಿಕೊಂಡು, ಹತ್ತಿರ ಯಾರಾದರೂ ಮಾತಾಡಿದರೂ ಸಾಕು, ಕಟಕಟ ಅನ್ನುತ್ತಿತ್ತು.

"ಥೇಟ್ ನಿಮ್ಮತ್ತಿಗೆ ಮಾತು," ಅಂದ ಹಲ್ಲಣ್ಣ.

ಅವನ ಹೆಂಡತಿ ತೀರಿಕೊಂಡು ಆಗ ವರ್ಷವಾಗಿತ್ತು. ಬದುಕಿದ್ದಾಗ ಅವಳ ಕಟ್ಟುಹಲ್ಲು ಮಾತುಮಾತಿಗೂ ಕಟಕಟ ಅನ್ನುತ್ತಿತ್ತು. ಊರವರ ಬಾಯನ್ನೆಲ್ಲ ಭದ್ರ ಮಾಡಿದ ಮಹಾನುಭಾವ, ಮನೆಯವಳದನ್ನು ಸಡಿಲ ಬಿಟ್ಟಿದ್ದ.

ಅವನು ತಮಾಷೆಗೆ ಅಂದದ್ದು ಅಂದುಕೊಂಡೆ. ಒಂದು ಮಧ್ಯಾಹ್ನ ಅವನ ಕೆಲಸದ ಕೋಣೆಗೆ ಹೋದರೆ, ಬಟ್ಟಲಿಗೆ ಏನೋ ಕೇಳಿ ಸುಮ್ಮನೆ ಕಾಯುತ್ತಿದ್ದ. ಮುಚ್ಚಳ ಕಟಕಟ ಅಂತು. "ಅದೂ ಸರಿ," ಅಂತ ತಲೆಯಾಡಿಸಿದ.

"ಶಬ್ದ ಕೇಳ್ತದೆ, ಮಾತು ತಿಳಿಯಲ್ಲ ಸಾಹುಕಾರ್ರೇ. ಹಲ್ಲುದುರಿದ ಬಾಯಿ ನೋಡಿ ಇದು. ಹೂವೆಲ್ಲ ತುಂಬಿದ್ರೆ ಸ್ಪಷ್ಟ ಆಗುತ್ತೆ."

ಹೊಸ ಪಿಂಗಾಣಿ ಪುಡಿಯ ಬಿಳುಪು ಹಳೇ ಹೂವಿಗೆ ಹೊಂದಲಿಲ್ಲವೆಂದು ಹೆಂಡತಿಯ ಹಳೇ ಪಿಂಗಾಣಿ ಹಲ್ಲನ್ನೇ ಅರೆದ. ಎಸಳು ತಿದ್ದಿ, ತನ್ನ ಪುಟ್ಟ ಕುಲುಮೆಯಲ್ಲಿ ಸುಟ್ಟು, ಅಂಟಿಸಿದ. ಹದಿಮೂರು ಹೂವಿಗೆ ಹಲ್ಲು ಮುಗಿಯಿತು. ಆಮೇಲೆ ತಾನೇ ಮಾಡಿಕೊಟ್ಟ ಕಟ್ಟುಹಲ್ಲಿನ ನನ್ನ ನಗುವನ್ನೇ ದಿಟ್ಟಿಸತೊಡಗಿದ.

"ನಿಮ್ಮ ಮುಂದಿನ ಹಲ್ಲೂ ಅವಳ ಹಲ್ಲು ತೆಗೆದ ಡಬ್ಬಿದೇ."

"ಅಯ್ಯೋ ಮಾರಾಯ! ಕೊಟ್ಟರೆ ನನಗೇನು?"

"ಅವಳ ಮಾತು ಒಂದೇ ಒಂದ್ಸಲ ನೆಟ್ಟಗೆ ಕೇಳಿಸಲಿ. ಅವತ್ತೇ ಬಟ್ಟಲು ಒಯ್ಯಿರಿ."

ವ್ಯಾಪಾರಿಯ ಜೀವ, ಒಪ್ಪಿಕೊಂಡೆ. ನನ್ನ ಹಲ್ಲುಸೆಟ್ಟು ಬಿಚ್ಚಿಸಿಕೊಂಡು, ಮುಂದಿನ ಆ ಹಲ್ಲು ಕಿತ್ತು, ಉಳಿದ ಸೆಟ್ಟನ್ನು ವಾಪಸು ಕೊಟ್ಟ. ಕಿತ್ತ ಏಟಿಗೆ ಅದೂ ಬಾಯಲ್ಲಿ ಅಲ್ಲಾಡತೊಡಗಿತು.

ಹತ್ತು ದಿನಕ್ಕೆ ಹೇಳಿ ಕಳಿಸಿದ. ಒಗೆದ ಅಂಗಿ, ಬಾಚಿದ ತಲೆ, ಹೆಣ್ಣು ನೋಡಲು ಹೊರಟವನ ಹಾಗಿದ್ದ. ಮುಚ್ಚಳ ಇಟ್ಟು ಕರೆದ: "ಏನೇ?"

ಸದ್ದಿಲ್ಲ.

ನೆಲ ಗುದ್ದಿದ. ಮೇಜು ಅಲ್ಲಾಡಿಸಿದ. ಎರಡೂ ಕಡೆ ತೂಕ ಸಮವಾದ ಮುಚ್ಚಳ ಬೆಸುಗೆ ಹಾಕಿದಂತೆ ಕೂತಿತ್ತು.

"ನಾನೇ ಅವಳ ಬಾಯಿ ಮುಚ್ಚಿಬಿಟ್ನಲ್ಲ," ಅಂತ ಕುಸಿದು ಕೂತ.

"ಹೋಗಲಿ ಬಿಡು ಹಲ್ಲಣ್ಣ," ಅಂದೆ. ನನ್ನ ಬಾಯಲ್ಲಿ ಸೆಟ್ಟು ಕಟಕಟ ಅಂತು.

ಅವನು ತಲೆ ಎತ್ತಿದ. ನೋಡಿದ್ದು ನನ್ನ ಮುಖವನ್ನಲ್ಲ, ಬಾಯನ್ನು. ಕಣ್ಣು ತುಂಬಿ ಬಂತು. ಬಟ್ಟಲನ್ನು ನನ್ನ ಮಡಿಲಿಗೆ ತಳ್ಳಿ, ಸ್ಟೂಲು ಎಳೆದುಕೊಂಡು ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ ಕೂತ.

"ಹೇಳೇ," ಅಂದ, "ಎಷ್ಟು ದಿನ ಆಯ್ತು. ನಿಧಾನಕ್ಕೆ ಹೇಳು."