ಮಾಸ್ತರರ ಮೆಣಸಿನಕಾಯಿ ಕಪಾಟು

ನಮ್ಮ ವಿಜ್ಞಾನದ ಮಾಸ್ತರರ ತೋರುಬೆರಳಿನ ತುದಿ ಬೆಸುಗೆ ಹಾಕಿ ಹಾಕಿ ಸುಟ್ಟು ಕಪ್ಪಾಗಿತ್ತು. ಗುಡಗೇರಿಯ ಹೈಸ್ಕೂಲಿನಲ್ಲಿ ಪಾಠದ ನಡುವೆ ಆ ಬೆರಳೆತ್ತಿ ನಿಂತುಬಿಡುತ್ತಿದ್ದರು. "ಮುಂದ?" ಕಡೆಯ ಮಾತನ್ನು ಎಂದೂ ತಾವು ಹೇಳಿದವರಲ್ಲ, ನಮ್ಮ ಬಾಯಿಂದಲೇ ಹೊರಡಿಸಬೇಕು. ಹೇಳಿದರೆ, "ನೋಡಲೇ, ನಿನಗಽ ಗೊತ್ತಿತ್ತು!" ಎಂದು ಹಿಗ್ಗುತ್ತಿದ್ದರು. ನನ್ನಂಥ ದಡ್ಡನಿಗೂ ವಿದ್ಯೆ ಹತ್ತಿದ್ದು ಹೀಗೆ. ಆದರೆ ಈ ಚಾಳಿ ಅವರಿಗೇ ಮಾಡಿದ ಘಾತವನ್ನು ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಎಂಬತ್ತರ ದಶಕದ ಕೊನೆಗೆ ಅವರು ಮೆಣಸಿನಕಾಯಿ ಒಣಗಿಸುವ ಕಪಾಟು ಮಾಡಿದರು. ಟೀವಿಗೆ ಜೋಡಿಸುವ ಸಣ್ಣ ಕಂಪ್ಯೂಟರೊಂದು ಅದನ್ನು ನಡೆಸುತ್ತಿತ್ತು. ಮೊದಮೊದಲು ಶಾಖ ಅಳೆದು ಅಳೆದು ಎಷ್ಟೋ ಸುಗ್ಗಿಯ ಕಾಯಿ ಸುಟ್ಟರು. ಕೊನೆಗೊಮ್ಮೆ ಹೊಳೆಯಿತು: ಕಾಯಿ ಹರವಿದ ತಟ್ಟೆಗಳನ್ನು ತಕ್ಕಡಿಗೆ ತೂಗುಹಾಕಬೇಕು, ತೂಕ ಇಳಿಯುವುದು ನಿಂತೊಡನೆ ಕಂಪ್ಯೂಟರೇ ಶಾಖ ಆರಿಸಬೇಕು.

ಪೇಟೆಂಟ್ ಮಾಡಿಸದಿದ್ದರೆ ಯಾರಾದರೂ ನಕಲು ಮಾಡುತ್ತಾರೆಂದು ನಾನೇ ಗಂಟುಬಿದ್ದೆ. ನಾನಾಗ ಹುಬ್ಬಳ್ಳಿಯ ಹಿರಿಯ ವಕೀಲರೊಬ್ಬರ ಕೈಕೆಳಗಿದ್ದೆ. ತಿಳಿದವರಿಗೆ ಸುಲಭವಾಗಿ ಹೊಳೆಯುವಂಥದ್ದಕ್ಕೆ ಪೇಟೆಂಟ್ ಇಲ್ಲ. ಅರ್ಜಿ ಹಾಕಬೇಕೋ ಬೇಡವೋ ಎಂಬುದು ಆ ವಕೀಲರ ತೀರ್ಮಾನ.

"ಸರ, ಅಲ್ಲೆ ಪಾಠ ಮಾಡಬ್ಯಾಡ್ರಿ. ಕೇಳಿದ್ದಕ್ಕಷ್ಟಽ ಉತ್ತರ ಕೊಡ್ರಿ," ಎಂದು ಮಾಸ್ತರರಿಗೆ ಹುಬ್ಬಳ್ಳಿಯ ದಾರಿಯುದ್ದಕ್ಕೂ ಹೇಳಿದ್ದೆ.

"ಆತಪಾ," ಎಂದಿದ್ದರು.

ವಕೀಲರು, "ಏನ್ರಿ ಮಾಸ್ತರ, ನಿಮ್ಮ ಕಪಾಟಿನ ವಿಶೇಷ?" ಎಂದದ್ದೇ ತಡ, ಮಾಸ್ತರು ಎದ್ದು ನಿಂತರು. ಕಾಯಿ ಒಣಗುವುದೆಂದರೆ ನೀರು ಹೋಗುವುದು, ನೀರು ಹೋದರೆ ಹಗುರಾಗುವುದು. ವಕೀಲರು ಕನ್ನಡಕ ತೆಗೆದಿಟ್ಟು ಕೇಳತೊಡಗಿದರು. ಆ ಸುಟ್ಟ ಬೆರಳು ಮೇಲೆದ್ದಿತು. ನಾನು ಅವರ ಅಂಗಿ ಹಿಡಿದು ಜಗ್ಗಿದೆ. "ಮುಂದ?"

"ತೂಕ ನೋಡಿದ್ರ ಆತು!" ಎಂದರು ವಕೀಲರು. ಮರುಕ್ಷಣವೇ ನಕ್ಕರು. "ಕೋರ್ಟ್ ಬಿಟ್ಟು ಏನೂ ಗೊತ್ತಿಲ್ಲದ ನನಗಽ ಹೊಳೀತಲ್ರಿ. ಇದಕ್ಕ ಪೇಟೆಂಟ್ ಯಾರು ಕೊಡತಾರ?"

ಅರ್ಜಿಯ ಮಾತು ಅಲ್ಲಿಗೇ ಮುಗಿಯಿತು. ಮರಳುವಾಗ ರೈಲಿನಲ್ಲಿ ಕುಂದಗೋಳ ದಾಟುವವರೆಗೂ ಬೈದೆ. "ಇಷ್ಟು ವರ್ಷ ನಿಮಗಽ ಹೊಳಿದಿರಲಿಲ್ಲಲ್ರಿ ಸರ! ಅದನ್ನ ಹೇಳಬೇಕಿತ್ತು!"

ಮಾಸ್ತರು ಶೇಂಗಾ ಸುಲಿಯುತ್ತ, "ವಕೀಲರು ಅಗದಿ ಶಾಣ್ಯಾ ಅದಾರ. ಒಮ್ಮೆಗೇ ಹಿಡದ್ರು ನೋಡು," ಎಂದರು. ಇಂಥವರಿಗೆ ಏನು ಹೇಳುವುದು? ಮುಂದೆ ಯಾವುದೋ ಕಂಪನಿ ಅಂಥದೇ ಕಪಾಟು ಮಾರತೊಡಗಿದಾಗಲೂ ಹೊಟ್ಟೆ ಉರಿದದ್ದು ನನಗೇ, ಅವರಿಗಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಆಸ್ಪತ್ರೆಯಲ್ಲಿ. ಮಂಚದ ಮೇಲೆ ಎಲುಬಷ್ಟೇ ಉಳಿದಿತ್ತು. ಆರೋಗ್ಯ ಕೇಳಿದರೆ ಪಾಠ ಶುರುವಾಯಿತು.

"ದಿನಾ ತೂಕ ನೋಡತಾರ. ದಿನಾ ಇಳೀತೈತಿ. ಔಷಧ ಹತ್ತವಲ್ದು." ಬೆರಳು ಮೆಲ್ಲಗೆ ಮೇಲೆದ್ದಿತು. "ಮುಂದ?"

ನಾನು ಅವರ ಹೊದಿಕೆ ಸರಿಮಾಡತೊಡಗಿದೆ.

"ಇಷ್ಟೂ ಗೊತ್ತಾಗಂಗಿಲ್ಲೇನಲೇ?" ಎಂದು ಗದರಿದರು.

ಗೊತ್ತಿತ್ತು. ಅವರ ಕೈಯಲ್ಲಿ ಕಲಿತವನಿಗೆ ಗೊತ್ತಾಗದೆ ಇರುತ್ತದೆಯೇ? ಆ ಒಂದು ಉತ್ತರವನ್ನು ಮಾತ್ರ ನಾನು ಹೇಳಲಿಲ್ಲ.