ಕ್ಯಾಸಲ್‌ರಾಕ್ ಪಿಯಾನೊಕ್ಕೊಂದು ವೆಬ್‌ಸೈಟು

ನನಗೆ ನೆನಪಿರುವ ಪ್ರಕಾರ ಆ ಪಿಯಾನೊ ಮುಂದೆ ಯಾರೂ ಕೂತಿರಲಿಲ್ಲ. ಕ್ಯಾಸಲ್‌ರಾಕ್ ಸ್ಟೇಷನ್ನಿನ ಹಿಂದೆ ಒಂದು ಹಂಚಿನ ಮನೆ. ಪಡಸಾಲೆಯಲ್ಲಿ ಕರಿ ಮರದ ದೊಡ್ಡ ಪೆಟ್ಟಿಗೆ. ಅದರ ಬಿಳಿ ಪಟ್ಟಿಗಳು ತಾವಾಗಿಯೇ ತಗ್ಗುತ್ತ, ಏಳುತ್ತ ಇದ್ದವು. ನಾನು ಅಪ್ಪನ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದೆ.

ಧಾರವಾಡದಲ್ಲಿ ಭೌತಶಾಸ್ತ್ರ ಓದಿ, ಹಳಿಯಾಳದ ಕಾಲೇಜಿನಲ್ಲಿ ಅದನ್ನೇ ಕಲಿಸತೊಡಗಿದ ಮೇಲೆ ಈ ನೆನಪನ್ನು ನಂಬುವುದು ಕಷ್ಟವಾಯಿತು. ಅಪ್ಪನನ್ನು ಕೇಳಿದೆ. ದಾಂಡೇಲಿಯ ಕಾಗದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾಗಿ ಅಂಬೇವಾಡಿಯ ಮನೆಯಲ್ಲಿ ಕೂತಿದ್ದ ಅಪ್ಪ ಪೇಪರಿನಿಂದ ತಲೆ ಎತ್ತದೆ ಹೇಳಿದ: "ಕ್ಯಾಸಲ್‌ರಾಕಿಗೆ ನಿನ್ನ ಯಾವಾಗ ಕರಕೊಂಡ ಹೋಗೇನಿ? ನಿಮ್ಮಣ್ಣನ್ನ ಕರಕೊಂಡ ಹೋಗಿದ್ದೆ."

ಅಂದರೆ ನೆನಪೇ ನನ್ನದಲ್ಲ, ಅಣ್ಣ ಹೇಳಿದ್ದನ್ನು ಕೇಳಿ ಕಟ್ಟಿಕೊಂಡದ್ದು. ಅಥವಾ ಅಪ್ಪನೇ ಮರೆತಿದ್ದಾನೆ. ಎರಡರಲ್ಲಿ ಯಾವುದು ಎಂದು ತಿಳಿಯದೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮುಂದಿನ ಭಾನುವಾರ ಬಸ್ಸು ಹತ್ತಿದೆ.

ಮನೆ ಅಲ್ಲೇ ಇತ್ತು, ಪೆಟ್ಟಿಗೆಯೂ ಇತ್ತು. ಮನೆಯಲ್ಲಿ ಇದ್ದವರು ರೈಲ್ವೆ ಗಾರ್ಡ್ ಒಬ್ಬರ ಮಗಳು, ಕೊಂಕಣಿ ಮಾತಾಡುವ ಕ್ರಿಶ್ಚಿಯನ್ ಹೆಂಗಸು, ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಊರೆಲ್ಲ ಅವರನ್ನು ಟೀಚರಬಾಯಿ ಎನ್ನುತ್ತಿತ್ತು. ನನ್ನ ನೆನಪನ್ನು ಹೇಳಿದಾಗ ಅವರು ನಕ್ಕರು.

"ಬಾಬಾ, ಯಾರೂ ಕೂಡದ ಇದು ನುಡಿಯೂದಿಲ್ಲ. ಕಾಲಿಲೆ ತುಳೀಬೇಕು. ನನ್ನ ಅಪ್ಪ ಕೂತಿರತಿದ್ದ, ಬಾಗಲಾಗ ತಲಿ ಬಡೀತಿತ್ತು, ಅಷ್ಟ ಎತ್ತರ ಮನಷಾ. ಅಂಥಾವ ನಿನಗ ಕಾಣಲಿಲ್ಲೇನು?"

ಅವರು ಮುಚ್ಚಳ ತೆಗೆದು ತೋರಿಸಿದರು. ಕೆಳಗೆ ಎರಡು ಪೆಡಲು. ತುಳಿದರೆ ಒಳಗಿನ ತಿದಿ ಗಾಳಿಯನ್ನು ಎಳೆಯುತ್ತದೆ. ಮೇಲೆ ರಂಧ್ರ ಕೊರೆದ ಕಾಗದದ ರೋಲು ಒಂದು ಹಿತ್ತಾಳೆ ಪಟ್ಟಿಯ ಮೇಲೆ ಜಾರುತ್ತ ಹೋಗುತ್ತದೆ. ಪಟ್ಟಿಯಲ್ಲೂ ಸಾಲಾಗಿ ಸಣ್ಣ ತೂತುಗಳಿವೆ, ಸ್ವರಕ್ಕೊಂದು. ಕಾಗದದ ರಂಧ್ರ ಯಾವ ತೂತಿನ ಮೇಲೆ ಬಂತೋ ಆ ಸ್ವರ ನುಡಿಯುತ್ತದೆ. ಗೋವೆಯಲ್ಲಿ ಪೋರ್ಚುಗೀಸರಿದ್ದ ಕಾಲದಲ್ಲಿ ಊರು ಬಿಟ್ಟು ಹೋದ ಯಾರೋ ಅಧಿಕಾರಿ ಗಾರ್ಡ್ ಸಾಹೇಬರಿಗೆ ಕೊಟ್ಟು ಹೋದದ್ದಂತೆ. ಈಗ ರಬ್ಬರ್ ನಳಿಕೆಗಳೆಲ್ಲ ಪುಡಿಯಾಗಿದ್ದವು, ತಿದಿಯ ಬಟ್ಟೆಯನ್ನು ಇಲಿ ತಿಂದಿತ್ತು. ಉಳಿದಿದ್ದದ್ದು ಒಂದೇ ರೋಲು.

ಟೀಚರಬಾಯಿ ಕ್ರಿಸ್‌ಮಸ್ಸಿಗೆ ಮೊದಲು ಮನೆ ಬಿಟ್ಟು ಲೋಂಡಾದಲ್ಲಿ ತಂಗಿಯ ಮನೆಗೆ ಹೋಗುವವರಿದ್ದರು. ಅದು ಮಾಳಿಗೆ ಮೇಲಿನ ಎರಡು ಕೋಣೆ. ಪಿಯಾನೊ ಅಲ್ಲಿಗೆ ಹತ್ತುವುದಿಲ್ಲ. ಜೋಯಿಡಾ ಕಡೆ ರೆಸಾರ್ಟ್ ಕಟ್ಟಿಸುತ್ತಿದ್ದವನೊಬ್ಬ ಬಂದು ನೋಡಿಹೋಗಿದ್ದ. ಒಳಗಿನದೆಲ್ಲ ಕಿತ್ತು ಹಾಕಿ, ಕನ್ನಡಿ ಕೂಡಿಸಿ, ಬಾಟಲಿ ಇಡುವ ಕಪಾಟು ಮಾಡುವುದು ಅವನ ವಿಚಾರ.

"ಸತ್ತದ್ದಂತ ತಿಳಕೊಂಡ ಕೇಳ್ಯಾನ," ಎಂದರು ಟೀಚರಬಾಯಿ. "ನುಡೀತಂದ್ರ ಅದನ್ನ ನುಡಸಾವರ ಯಾರರ ತಗೋತಾರ. ನುಡೀಲಿಲ್ಲಂದ್ರ ಅಂವಗ ಕೊಡೂದs. ಮಳ್ಯಾಗ ಬಿಟ್ಟ ಹೋಗಾಕ ಆಗತೈತೇನು?"

ದಾಂಡೇಲಿಯಲ್ಲಿ ಆಗಷ್ಟೇ ನನ್ನ ಹೈಸ್ಕೂಲ್ ಗೆಳೆಯ ಸೈಬರ್ ಕೆಫೆ ತೆರೆದಿದ್ದ. ಬಸ್ ಸ್ಟ್ಯಾಂಡಿನ ಹತ್ತಿರ ಪ್ಲೈವುಡ್ಡಿನ ಗೂಡುಗಳು, ಟೆಲಿಫೋನ್ ಲೈನು ಸಿಕ್ಕರೆ ಇಂಟರ್‌ನೆಟ್ಟು, ಸಿಗದಿದ್ದರೆ ಇಸ್ಪೀಟಿನ ಆಟ. ಇಂಥ ಪಿಯಾನೊ ಬಲ್ಲವರು ಜಗತ್ತಿನಲ್ಲಿ ಎಲ್ಲಾದರೂ ಇರಬೇಕು, ಅವರೆಲ್ಲ ಒಂದು ಕಡೆ ಸೇರುವ ಹಾಗೆ ವೆಬ್‌ಸೈಟ್ ಮಾಡೋಣ ಎಂದೆ. ನಾನು ಹಾಗೆ ಹೇಳಿದೆ ಎಂದು ನನ್ನ ನೆನಪು. ಆ ವಿಚಾರ ತನ್ನದು ಎಂದು ಅವನು ಇವತ್ತಿಗೂ ವಾದಿಸುತ್ತಾನೆ.

ಪಿಯಾನೊದ ಚಿತ್ರ ತೆಗೆಸಿ ತೊಳೆಸಿ, ಸ್ಕ್ಯಾನರ್ ಇದ್ದ ಹಳಿಯಾಳದ ಡಿಟಿಪಿ ಅಂಗಡಿಗೆ ಒಯ್ದೆವು. ಕನ್ನಡ ಅಕ್ಷರ ಎಲ್ಲ ಕಂಪ್ಯೂಟರಿನಲ್ಲಿ ಮೂಡುತ್ತಿರಲಿಲ್ಲವಾದ್ದರಿಂದ ಕನ್ನಡದ ಪುಟವನ್ನು ಅಲ್ಲೇ ಟೈಪ್ ಮಾಡಿಸಿ, ಚಿತ್ರ ಮಾಡಿಸಿ ತಂದೆವು. ಉಳಿದದ್ದು ಇಂಗ್ಲಿಷಿನಲ್ಲಿ. ಪುಕ್ಕಟೆ ಜಾಗ ಕೊಡುವ ಒಂದು ಕಡೆ ಪುಟಗಳನ್ನು ಏರಿಸಿದೆವು. ಬಂದವರು ಬರೆದುಹೋಗಲು ಒಂದು ಪುಟ, ಎಷ್ಟು ಜನ ಬಂದರೆಂದು ತೋರಿಸುವ ಕೌಂಟರು.

"ಪ್ರೊಫೆಸರ್ರ, ಕೌಂಟರ ಏರಾಕತ್ತೈತಿ!" ಎಂದು ಗೆಳೆಯ ಫೋನ್ ಮಾಡಿದ.

"ನೀ ದಿನಾ ತಗದ ನೋಡತಿ, ನಾ ದಿನಾ ತಗದ ನೋಡತೇನಿ. ಏರದ ಏನ ಮಾಡತೈತಿ?"

"ದೇವರ ಎದರಿಗೆ ಬಂದ್ರೂ ಗುರುತಿನ ಚೀಟಿ ಕೇಳತಿ ನೀ."

ಮೊದಲು ಬರೆದವನು ಬೆಳಗಾವಿಯವನು. ಪಿಯಾನೊ ಕ್ಲಾಸು ಎಷ್ಟು ಗಂಟೆಗೆ ಎಂದು ಕೇಳಿದ್ದ. ಆಮೇಲೆ ಒಂದಿಷ್ಟು ದಿನ ಏನೂ ಇಲ್ಲ. ನಂತರ ಆಸ್ಟ್ರೇಲಿಯಾದ ಒಬ್ಬ ರೈತ ಬರೆದ. ಅವನ ಮನೆಯಲ್ಲೂ ಇಂಥದೇ ಇತ್ತಂತೆ, ತಾನೇ ಬಿಚ್ಚಿ ಜೋಡಿಸಿದ್ದನಂತೆ. ಅವನು ಒಂದೊಂದೇ ಭಾಗ ವಿವರಿಸುತ್ತ ಹೋದ, ನಾವು ಪ್ರಿಂಟ್ ತೆಗೆದುಕೊಂಡು ಭಾನುವಾರ ಕ್ಯಾಸಲ್‌ರಾಕಿಗೆ ಹೋಗುತ್ತಿದ್ದೆವು. ಅವನು ಹೇಳಿದ ನಳಿಕೆ ನಮ್ಮಲ್ಲಿ ಸಿಗಲಿಲ್ಲ. ಸೈಕಲ್ ಅಂಗಡಿಯ ವಾಲ್ ಟ್ಯೂಬನ್ನೇ ಕತ್ತರಿಸಿ ಹಾಕಿದೆವು. ತಿದಿಗೆ ರೇನ್‌ಕೋಟಿನ ಬಟ್ಟೆ. ಹೀಗೆ ಮಾಡಿದ್ದನ್ನೆಲ್ಲ ಮತ್ತೆ ಸೈಟಿಗೆ ಏರಿಸಿದೆವು. ಅದನ್ನು ನೋಡಿ ಇನ್ನೂ ಕೆಲವರು ಬಂದರು, ತಮ್ಮ ತಮ್ಮಲ್ಲೇ ಜಗಳಾಡತೊಡಗಿದರು. ಆಗ ನನಗೆ ಇದು ಸೈಟು ಎನಿಸಿತು.

ಹಾಗೆ ಬಂದವರಲ್ಲಿ ಮಡಗಾಂವದ ಒಬ್ಬರು ನಿವೃತ್ತ ಬ್ಯಾಂಕ್ ಅಧಿಕಾರಿ ಇದ್ದರು. ಅವರ ಪಿಯಾನೊವನ್ನು ಗೆದ್ದಲು ತಿಂದುಹಾಕಿತ್ತು. ರೋಲುಗಳು ಮಾತ್ರ ತಗಡಿನ ಟ್ರಂಕಿನಲ್ಲಿದ್ದುದರಿಂದ ಉಳಿದಿದ್ದವು. ನಿಮ್ಮ ರೋಲುಗಳನ್ನು ತರುತ್ತೀರಾ ಎಂದು ಕೇಳಿದೆ. "ಮೊದಲು ನಿಮ್ಮ ರೋಲು ನುಡಿಯಲಿ. ಕಾಗದ ಹರಿಯುವ ಯಂತ್ರಕ್ಕೆ ನನ್ನದನ್ನು ಕೊಡಲಾರೆ. ನುಡಿದ ಮರುದಿನವೇ ಬರುತ್ತೇನೆ, ಚೆನ್ನಾಗಿದ್ದರೆ ಪಿಯಾನೊ ಒಯ್ಯುತ್ತೇನೆ," ಎಂದು ಬರೆದರು. ಟೀಚರಬಾಯಿಗೆ ಬೇಕಾದವರು ಸಿಕ್ಕಿದ್ದರು. ಇನ್ನು ಎಲ್ಲ ಆ ಒಂದು ರೋಲಿನ ಮೇಲೆ.

ರೋಲನ್ನು ಅಪ್ಪನ ಕೈಗೆ ಕೊಟ್ಟಿದ್ದೆ. ಕಾಗದದ ವಿಷಯದಲ್ಲಿ ನಮ್ಮ ಮನೆಯಲ್ಲಿ ಅಪ್ಪನೇ ಕೊನೆಯ ಮಾತು. ಕಾರ್ಖಾನೆಯಲ್ಲಿ ಅವನಿದ್ದದ್ದು ತಯಾರಾದ ಕಾಗದವನ್ನು ಪರೀಕ್ಷಿಸಿ ಕತ್ತರಿಸಿ ಸುತ್ತಿ ಕಳಿಸುವ ವಿಭಾಗದಲ್ಲಿ. ಅಪ್ಪ ಅದನ್ನು ಊಟದ ಟೇಬಲ್ಲಿನ ಮೇಲೆ ಬಿಚ್ಚಿ, ಮೃದುವಾದ ಬ್ರಷ್ಷಿನಿಂದ ಧೂಳು ತೆಗೆದು, ಹರಿದ ಕಡೆ ತೆಳು ಕಾಗದ ಅಂಟಿಸಿದ.

ಗಣೇಶನ ಹಬ್ಬ ಕಳೆದ ಮೇಲಿನ ಭಾನುವಾರ ಅಪ್ಪ, ಗೆಳೆಯ, ನಾನು ಮೂವರೂ ಕ್ಯಾಸಲ್‌ರಾಕಿಗೆ ಹೋದೆವು. ರೋಲು ಕೂಡಿಸಿ ಗೆಳೆಯ ಪೆಡಲು ತುಳಿದ. ತಿದಿ ಉಸಿರಾಡಿತು, ಕಾಗದ ಸರಿಯಿತು, ಬಿಳಿ ಪಟ್ಟಿಗಳು ತಗ್ಗಿದವು. ಬಂದದ್ದು ಹಾಡಲ್ಲ. ಪಕ್ಕಪಕ್ಕದ ಸ್ವರಗಳು ಒಟ್ಟಿಗೇ ಒದರುತ್ತಿದ್ದವು.

"ಬೆಕ್ಕ ಓಡ್ಯಾಡಿದಂಗ ಆತಲ್ಲ," ಎಂದರು ಟೀಚರಬಾಯಿ. ನಗಲು ನೋಡಿದರು, ಆಗಲಿಲ್ಲ. ಚಹಾ ಮಾಡುತ್ತೇನೆಂದು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.

ನಳಿಕೆಗಳನ್ನು ತಪ್ಪು ಜೋಡಿಸಿದೆವೆಂದು ನಾನು ಎಲ್ಲವನ್ನೂ ಮತ್ತೆ ಪರೀಕ್ಷಿಸಿದೆ. ಸರಿ ಇದ್ದವು. ನಡೆದದ್ದನ್ನು ಸೈಟಿನಲ್ಲಿ ಬರೆದೆ. ಮಡಗಾಂವದವರು ಒಂದೇ ಸಾಲು ಉತ್ತರಿಸಿದರು: "ಯಾರಾದರೂ ರೋಲಿನ ಅಂಚು ಕತ್ತರಿಸಿದ್ದಾರೆಯೇ?"

ಅಪ್ಪನನ್ನು ಕೇಳಿದೆ.

"ಮತ್ತ? ಹಲ್ಲ ಹಲ್ಲ ಎದ್ದಿತ್ತು. ಬ್ಲೇಡ್ ಹಚ್ಚಿ ನೇರ ಮಾಡೇನಿ. ಅಂಥಾ ಅಂಚಿನ ರೀಲ ನಮ್ಮ ಕಡಿಂದ ಎಂದರ ಹೊರಗ ಹೋಗೇತೇನು?"

ರೋಲು ಅದಕ್ಕೆಂದೇ ಅಳತೆ ಮಾಡಿದ ಎರಡು ಬಿಲ್ಲೆಗಳ ನಡುವೆ ಓಡುತ್ತದೆ. ಅಗಲ ಒಂದು ಗೋಧಿಕಾಳಿನಷ್ಟು ಕಡಿಮೆಯಾದರೂ ಕಾಗದ ಆ ಕಡೆ ಈ ಕಡೆ ಸರಿದಾಡುತ್ತದೆ, ರಂಧ್ರಗಳು ತೂತುಗಳ ನಡುವೆ ಬೀಳುತ್ತವೆ. ಜೀವಮಾನವಿಡೀ ಅಂಚು ನೇರ ಮಾಡಿದ ಕೈ, ಇದ್ದ ಒಂದೇ ರೋಲನ್ನು ಚಂದ ಮಾಡಿ ಕೆಡಿಸಿತ್ತು. ದಾಂಡೇಲಿಯಲ್ಲದ ಬೇರೆ ಊರಿನವರು ಆ ಹಲ್ಲುಹಲ್ಲು ಅಂಚನ್ನು ಹಾಗೇ ಬಿಡುತ್ತಿದ್ದರೇನೋ.

ಅಪ್ಪ ಪೂರ್ತಿ ಕೇಳಿಸಿಕೊಂಡ. "ಆ ಬಾಯಾರಿಗೆ ಹೇಳೀಯೇನು?" ಎಂದ.

"ಇಲ್ಲ."

"ನಾನs ಹೇಳತೇನಿ."

ಮುಂದಿನ ಭಾನುವಾರ ಅವನೇ ಹೋಗಿ ಹೇಳಿದ. ನಾನು ಜೊತೆಗಿದ್ದೆ. ಟೀಚರಬಾಯಿ ಅವನನ್ನು ದಿಟ್ಟಿಸಿ ನೋಡಿ, "ಚಲೋ ಮಾಡಾಕ ಹೋಗಿ ಕೆಡಸೀರಿ. ನಾ ಎಷ್ಟ ಹುಡುಗರ ನೋಟ್‌ಬುಕ್ ಹಂಗ ತಿದ್ದೇನಿ. ಈಗ ಏನ ಮಾಡತೀರಿ ಸಾಹೇಬ್ರ?" ಎಂದರು.

"ಹೊಸಾದ ಮಾಡತೇನ್ರಿ."

ಮಡಗಾಂವದವರಿಂದ ಸರಿಯಾದ ಅಗಲ ತರಿಸಿಕೊಂಡು, ಅಷ್ಟೇ ದಪ್ಪದ ಹೊಸ ಕಾಗದವನ್ನು ಅಪ್ಪ ಎಲ್ಲಿಂದಲೋ ಹೊಂದಿಸಿದ. ಹಳೆಯ ರೋಲನ್ನು ಅದರ ಮೇಲೆ ಹಾಸಿ, ತುಣುಕು ತುಣುಕಾಗಿ ರಂಧ್ರಗಳನ್ನು ಬ್ಲೇಡಿನಿಂದ ಕತ್ತರಿಸತೊಡಗಿದ. ದಿನಾ ಬೆಳಗಿನ ಬಿಸಿಲು ಕಿಟಕಿಯಲ್ಲಿ ಇರುವ ತನಕ. ಊಟದ ಟೇಬಲ್ಲು ಹೋಯಿತು, ನಾವೆಲ್ಲ ನೆಲದ ಮೇಲೆ ಉಂಡೆವು. ಅವ್ವ ತೇರಗಾಂವದಿಂದ ಬಂದ ತನ್ನ ಅಕ್ಕನಿಗೆ, "ಇವರಿಗೆ ಈಗ ಕಾಗದಾ ತೂತ ಮಾಡೂ ನೌಕರಿ ಹತ್ತೈತಿ," ಎಂದು ಹೇಳಿದಳು. ಗೆಳೆಯ ಚಿತ್ರ ತೆಗೆದು ವಾರವಾರ ಸೈಟಿಗೆ ಏರಿಸಿದ. ಕೌಂಟರು ನಮ್ಮಿಬ್ಬರನ್ನು ಬಿಟ್ಟೂ ಏರುತ್ತಿತ್ತು. ನಾನು ಪರೀಕ್ಷಿಸಿ ನೋಡಿದೆ. ಎಲ್ಲೆಲ್ಲಿಯವರೋ ಅಪ್ಪನ ಬ್ಲೇಡಿನ ಬಗ್ಗೆ ಸಲಹೆ ಬರೆದರು. ನಾನು ಓದಿ ಹೇಳಿದರೆ ಅಪ್ಪ ಅರ್ಧ ಒಪ್ಪುತ್ತಿದ್ದ, ಇನ್ನರ್ಧಕ್ಕೆ, "ಅವಂಗ ಹೇಳು, ಬಂದ ಕತ್ತರಸ ಅಂತ," ಎನ್ನುತ್ತಿದ್ದ.

ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಹೊಸ ರೋಲನ್ನು ಒಯ್ದು ಕೆಲವು ದಿನ ಆ ಮನೆಯಲ್ಲೇ ಬಿಚ್ಚಿಟ್ಟೆವು. ಕಾಗದಕ್ಕೆ ಅಲ್ಲಿನ ಗಾಳಿ ಒಗ್ಗಬೇಕು ಎಂದು ಅಪ್ಪನ ಹಟ. ಆಮೇಲೆ ಗೆಳೆಯ ಮತ್ತೆ ತುಳಿದ.

ಈ ಸಲ ಹಾಡು ಬಂತು. ಕೆಲವು ಸ್ವರ ಏಳಲೇ ಇಲ್ಲ, ಒಂದು ಕಡೆ ಗಾಳಿ ಸೋರಿ ತಾಳ ಎಳೆಯಿತು. ಆದರೂ ಅದು ಒಂದು ಕುಣಿತದ ಹಾಡೆಂದು ಯಾರಿಗಾದರೂ ಗೊತ್ತಾಗುವಂತಿತ್ತು. ನಾನು ಚಿಕ್ಕಂದಿನಲ್ಲಿ ಕೇಳಿದ್ದೆಂದುಕೊಂಡ ಹಾಡು ಅದಲ್ಲ. ಮುಗಿದ ಮೇಲೆ ಒಂದು ಮಾತು ಹೊಳೆಯಿತು: ಹಾಡಿನುದ್ದಕ್ಕೂ ನಾನು ಬಿಳಿ ಪಟ್ಟಿಗಳನ್ನೇ ನೋಡುತ್ತಿದ್ದೆ, ಅಷ್ಟು ದಪ್ಪಗಿನ ಗೆಳೆಯ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಹಾಗೆಂದು ನಾನು ಚಿಕ್ಕವನಿದ್ದಾಗ ಅಲ್ಲಿಗೆ ಹೋಗಿದ್ದೆನೆಂದು ಇದರಿಂದ ಸಾಬೀತಾಗುವುದಿಲ್ಲ. ಟೀಚರಬಾಯಿ ಪಿಯಾನೊದ ಮೇಲೆ ಅಂಗೈ ಊರಿ ನಿಂತಿದ್ದರು. "ಇನ್ನೊಮ್ಮೆ," ಎಂದರು.

ಮಡಗಾಂವದವರು ಮಾತಿನಂತೆ ಮುಂದಿನ ರೈಲಿಗೇ ಬಂದರು, ತಗಡಿನ ಟ್ರಂಕನ್ನು ತೊಡೆಯ ಮೇಲೆ ಇಟ್ಟುಕೊಂಡು. ರೆಸಾರ್ಟಿನವನಿಗೂ ಟೀಚರಬಾಯಿ ಅದೇ ದಿನ ಬರಹೇಳಿದ್ದರು. ಅವನು ಬಾಗಿಲಲ್ಲಿ ನಿಂತು ಅರ್ಧ ಹಾಡು ಕೇಳಿದ.

"ಇದು ಬಾಳ ಸಪ್ಪಳ ಮಾಡತೈತ್ರಿ. ನನಗ ಕಪಾಟ ಬೇಕಾಗಿತ್ತು," ಎಂದು ಹೇಳಿ, ಕೊಟ್ಟ ಚಹಾ ಕುಡಿದು ಹೋದ.

ಮಡಗಾಂವದವರು ತಮ್ಮ ರೋಲು ಕೂಡಿಸಿ ಎಷ್ಟೋ ವರ್ಷಗಳ ಆಸೆಯಿಂದ ಜೋರಾಗಿ ತುಳಿದರು. ಟೀಚರಬಾಯಿ ಕೊಂಕಣಿಯಲ್ಲಿ ಗದರಿದರು. ಅವರು ಕಾಲು ನಿಧಾನ ಮಾಡಿದರು. ಹಾಡು ಮುಗಿದ ಮೇಲೆ ಇಬ್ಬರೂ ಕೊಂಕಣಿಯಲ್ಲೇ ಏನೇನೋ ಮಾತಾಡಿಕೊಂಡರು. ನನಗೆ ತಿಳಿದದ್ದು ಇಷ್ಟು: ಮಡಗಾಂವದ ಅವರ ಪಡಸಾಲೆಯಲ್ಲಿ ಅದು ಇರುತ್ತದೆ, ಕೇಳಲು ಬಂದವರಿಗೆಲ್ಲ ಬಾಗಿಲು ತೆರೆದಿರುತ್ತದೆ, ಟೀಚರಬಾಯಿ ಲೋಂಡಾದಿಂದ ರೈಲು ಹತ್ತಿ ಬೇಕೆಂದಾಗ ಬರುತ್ತಾರೆ. ಅಪ್ಪ ಮಾಡಿದ ರೋಲೂ ಜೊತೆಗೆ ಹೋಗಬೇಕು ಎಂದು ಮಡಗಾಂವದವರೇ ಕೇಳಿದರು. ಅಪ್ಪ ಅದನ್ನು ಸುತ್ತಿ ಕೊಡುವಾಗ, ಅಂಚು ಮುಟ್ಟಬೇಡಿರೆಂದು ಎರಡೆರಡು ಸಲ ಹೇಳಿದ.

ಟೆಂಪೊ ಬಂದು, ಸ್ಟೇಷನ್ನಿನ ಹಮಾಲರು ಪಿಯಾನೊ ಏರಿಸಿ, ಹಗ್ಗ ಬಿಗಿದು, ಅದು ಅನಮೋಡ ಘಾಟಿನ ದಾರಿ ಹಿಡಿದ ಮೇಲೆ ಟೀಚರಬಾಯಿ ಖಾಲಿ ಪಡಸಾಲೆಗೆ ಬರಲಿಲ್ಲ. ಮೆಟ್ಟಿಲ ಮೇಲೆಯೇ ಕೂತು ನನ್ನ ಗೆಳೆಯನನ್ನು ಕರೆದರು.

"ಬಾಬಾ, ನಿಮ್ಮ ಕಂಪ್ಯೂಟರಿನ್ಯಾಗ ಇನ್ನೂ ಇಲ್ಲೀ ವಿಳಾಸನs ಐತಿ ಹೌದಿಲ್ಲೋ?"

"ಹೌದ್ರಿ."

"ಇವತ್ತs ಬದಲ ಮಾಡ್ರಿ. ಯಾರರ ದೂರದಿಂದ ಕೇಳಾಕಂತ ಬಂದಾರು, ಪಾಪ, ಸುಮ್ಮನ ಇಲ್ಲಿ ಇಳದ ಬಿಟ್ಟಾರು. ಮಡಗಾಂವ ತನಕಾ ತಿಕೀಟ ತಗಸ್ರಿ ಅಂತ ಬರೀರಿ."