ಚಿಕ್ಕಪ್ಪ ಹಾಡದೆ ಉಳಿಸಿದ ಮಂಗಳ

ಇದು ನಡೆದದ್ದು. ಆದರೆ ಪತ್ರಿಕೆಗೆ ಬರೆಯಲಿಲ್ಲ. ವರದಿಗಾರನಾದ ನನಗೆ ಕಂಡದ್ದನ್ನು ಒಂದು ಕಡೆ, ಕೇಳಿದ್ದನ್ನು ಇನ್ನೊಂದು ಕಡೆ ಇಟ್ಟು ಬರೆದೇ ಅಭ್ಯಾಸ. ಆ ರಾತ್ರಿ ನಾನು ಕಂಡದ್ದು ಬಹಳ ಕಡಿಮೆ. ಕೇಳಿದ್ದನ್ನು ಮಾತ್ರ ಅಲ್ಲಗಳೆಯಲಾರೆ... ಜೊತೆಗಿದ್ದ ಇಬ್ಬರಿಗೂ ಕೇಳಿಸಿತ್ತು.

ನಮ್ಮೂರು ಕೊಟ್ಟೂರಿನಾಚೆ, ಕೂಡ್ಲಿಗಿ ರಸ್ತೆಯಿಂದ ತುಸು ಒಳಗೆ. ಊರ ಹಳೆಯ ರುದ್ರಭೂಮಿಯಲ್ಲಿ ಮಣ್ಣು ಮಾಡುವುದು ನಿಂತು ಬಹಳ ಕಾಲವಾಗಿತ್ತು. ಕೆತ್ತನೆಯ ಸಮಾಧಿ ಕಲ್ಲುಗಳು ಜಾಲಿಯೊಳಗೆ ಮುಚ್ಚಿಹೋಗಿದ್ದವು. ಅಲ್ಲೊಂದು ಬಯಲು ರಂಗಮಂದಿರ ಆಗಲಿ ಎಂದು ಓಡಾಡಿದವರು ನನ್ನ ಚಿಕ್ಕಪ್ಪ ಕೊಟ್ರಪ್ಪ, ದೊಡ್ಡಾಟದ ಕಲಾವಿದರು. ಸಮಾಧಿಗಳನ್ನು ಅಗೆಯಲಿಲ್ಲ, ಕಲ್ಲುಗಳನ್ನಷ್ಟೇ ತೆಗೆದು, ಮೇಲೆ ಗರಸು ಮಣ್ಣು ಹರಡಿ, ರೋಲರ್ ಹೊಡೆಸಿ ಸಮ ಮಾಡಿದರು. ಸಂಜೆ ಬಿಸಿಲು ಪ್ರೇಕ್ಷಕರ ಕಣ್ಣಿಗೆ ಹೊಡೆಯಬಾರದೆಂದು ಆಟದ ಕಟ್ಟೆಯನ್ನು ಉತ್ತರದಲ್ಲಿ ಕಟ್ಟಿದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಆ ರುದ್ರಭೂಮಿಯಲ್ಲಿ ಎಲ್ಲರ ಮುಖವೂ ಉತ್ತರಕ್ಕೆ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಅವರೆಲ್ಲ ಕಟ್ಟೆಗೇ ಮುಖ ಮಾಡಿ ಕೂತಂತಾಗುತ್ತದೆ ಎಂದು ಕಟ್ಟುವಾಗ ಯಾರಿಗೂ ಹೊಳೆಯಲಿಲ್ಲ.

ನನ್ನ ಅಜ್ಜಿಯೂ ಅಲ್ಲೇ ಇದ್ದಾಳೆ. ಚಿಕ್ಕಪ್ಪ ಇನ್ನೂ ಹಾಲು ಕುಡಿಯುವ ಕೂಸಾಗಿದ್ದಾಗ ತೀರಿಕೊಂಡವಳು. ಅವರಿಗೆ ತಾಯಿಯ ಮುಖದ ನೆನಪೇ ಇಲ್ಲ.

ಉದ್ಘಾಟನೆಯ ಹಿಂದಿನ ದಿನ, ಕತ್ತಲಾಗಿ ಸ್ವಲ್ಪ ಹೊತ್ತಾಗಿತ್ತು. ಕಟ್ಟೆಯ ಮೇಲೆ ಮೂವರೇ: ಚಿಕ್ಕಪ್ಪ, ಹಾರ್ಮೋನಿಯಂ ನುಡಿಸುವ ಬಸಣ್ಣ, ನಾನು. ಮೈಕ್ ಪರೀಕ್ಷೆ ನಡೆದಿತ್ತು.

"ಹಲೋ ಹಲೋ ಅಂದ್ರ ಏನ್ ತಿಳಿತೈತಿ? ಸಭಾವಂದನಿ ಹಾಡ್ತೀನಿ, ತಡಿ," ಅಂದರು ಚಿಕ್ಕಪ್ಪ.

ಬಸಣ್ಣನ ಬೆರಳು ನಿಂತವು. "ಬ್ಯಾಡ್ರಿ. ತಾಲೀಮಿನ್ಯಾಗ ಅದನ್ನ ಹಾಡಂಗಿಲ್ಲಲ್ರಿ. ಸಭಾಕ್ಕ ಕೈ ಮುಗದ್ರ ಮಂಗಳ ಹಾಡೋತನ ಇಳಿಯಂಗಿಲ್ಲ."

ಅವರ ಮೇಳದ ಪದ್ಧತಿಯೇ ಅದು. ವಂದನೆ ಹಾಡಿದರೆ ಸಭೆ ಕೂತಂತೆ. ಮಂಗಳ ಹಾಡಿದರೆ ಎದ್ದಂತೆ.

"ಯಾವ ಸಭಾ ಲೇ ಬಸ್ಯಾ? ನಿಮ್ಮ ಎಮ್ಮಿ ಸೈತ ಬಂದಿಲ್ಲ ಇಲ್ಲಿ."

ಚಿಕ್ಕಪ್ಪ ಖಾಲಿ ಬಯಲಿಗೆ ಕೈ ಮುಗಿದು ಹಾಡಿದರು. ಕುಳಿತ ಹಿರಿಯರಿಗೂ ತಾಯಂದಿರಿಗೂ ಶರಣು ಹೇಳಿ ಮುಗಿಸಿದರು. ಕರೆಂಟ್ ಹೋಯಿತು.

ಬಯಲು ಮೌನವಾಗಬೇಕಿತ್ತು. ಆಗಲಿಲ್ಲ... ಎದುರಿನಿಂದ ಸಪ್ಪಳ. ಜನ ಕುಳಿತಲ್ಲೇ ಸರಿದು, ಪಕ್ಕದವರಿಗೆ ಜಾಗ ಮಾಡಿಕೊಡುವಾಗಿನ ಸಪ್ಪಳ. ಬಟ್ಟೆ ಗರಸಿಗೆ ಉಜ್ಜಿದ್ದು. ಒಂದು ಕೆಮ್ಮು. ಆಮೇಲೆ ವಿಭೂತಿಯ ವಾಸನೆ, ಬಾಡಿದ ಬಿಲ್ವಪತ್ರೆಯ ವಾಸನೆ, ಹಸಿ ಮಣ್ಣಿನ ವಾಸನೆ. ಆಗ ಮಳೆಯ ಸುಳಿವೇ ಇರಲಿಲ್ಲ.

ಮೊಬೈಲ್ ಟಾರ್ಚ್ ಹಾಕಿದೆ. ಬರೀ ಗರಸು. ಬೆಳಕು ಬಿದ್ದ ಕಡೆ ಸಪ್ಪಳ ನಿಲ್ಲುತ್ತಿತ್ತು. ಬೆಳಕು ಸರಿಸಿದರೆ ಮತ್ತೆ ಶುರು.

"ಮಂಗಳ ಹಾಡ್ರಿ ಯಜಮಾನ್ರ... ಜಲ್ದಿ ಹಾಡ್ರಿ," ಬಸಣ್ಣ ಪಿಸುಗುಟ್ಟಿದ.

ಚಿಕ್ಕಪ್ಪ ಬಾಯಿ ತೆರೆದರು. ದನಿ ಹೊರಡಲಿಲ್ಲ. ಕೊನೆಗೆ ಬಸಣ್ಣನೇ ಎತ್ತಿಕೊಂಡ, ನಾನೂ ದನಿಗೂಡಿಸಿದೆ. ಮುಗಿಯುತ್ತಿದ್ದಂತೆ, ಆಟ ಮುಗಿದಾಗ ಜನ ಒಟ್ಟಿಗೆ ಎದ್ದು ಕಂಬಳಿ ಝಾಡಿಸುವಂಥ ಸಪ್ಪಳ. ಅದು ಮೆಲ್ಲಗೆ ದೂರವಾಯಿತು.

"ನಡೀರಿ ಚಿಕ್ಕಪ್ಪಾ."

"ಒಬ್ಬಾಕಿ ಎದ್ದಿಲ್ಲ," ಅಂದರು.

"ಯಾರು?"

"ನಾ ಹಾಡಿಲ್ಲಲ್ಲ... ಅದಕ್ಕ ಕುಂತಾಳ. ನೀವು ಹೋಗ್ರಿ, ನಾ ಆಮ್ಯಾಲ ಬರ್ತೀನಿ."

ಹೇಳುತ್ತಲೇ ಬಯಲಿನ ಕಡೆ ಇಳಿಯತೊಡಗಿದರು. ನಾವಿಬ್ಬರೂ ಅವರ ಎಡಗೈ ಹಿಡಿದು ಎಳೆದೆವು. ಕಡ್ಡಿಯಂಥ ಮನುಷ್ಯ, ಇಬ್ಬರಿಗೂ ಜಗ್ಗಲಿಲ್ಲ. ಅವರ ಬಲಗೈ ಕತ್ತಲೆಯ ಕಡೆ ನೆಟ್ಟಗೆ ಚಾಚಿತ್ತು, ಆ ಕಡೆಯಿಂದ ಯಾರೋ ಹಿಡಿದಂತೆ...

ಕರೆಂಟ್ ಬಂತು. ಕೈ ಸಡಿಲಾಯಿತು. ಮೂವರೂ ಕಟ್ಟೆಯ ಮೇಲೆ ಬಿದ್ದೆವು.

ಮರುದಿನ ಉದ್ಘಾಟನೆ ಚೆನ್ನಾಗಿಯೇ ನಡೆಯಿತು. ವರದಿಯನ್ನೂ ಕಳಿಸಿದೆ. ಗಂಟಲು ಸರಿ ಇಲ್ಲವೆಂದು ಚಿಕ್ಕಪ್ಪ ಆಟದಲ್ಲಿ ಪಾತ್ರ ಮಾಡಲಿಲ್ಲ. ಬಸಣ್ಣ ಆ ಕಟ್ಟೆ ಹತ್ತುವುದನ್ನೇ ಬಿಟ್ಟಿದ್ದಾನೆ.

ಈಗ ಚಿಕ್ಕಪ್ಪ ದಿನಾ ಸಂಜೆ ಒಬ್ಬರೇ ಅಲ್ಲಿಗೆ ಹೋಗುತ್ತಾರೆ. ಊಟ ಕಡಿಮೆಯಾಗಿದೆ. ಮೈ ಇಳಿದು ಹೋಗಿದೆ. ಹೇಗಾದರೂ ಬಿಡಿಸು ಎಂದು ಅವರ ಹೆಂಡತಿ, ನನ್ನ ಚಿಗವ್ವ, ಫೋನಿನಲ್ಲಿ ಅಳುತ್ತಾಳೆ. ಒಮ್ಮೆ ನಾನೇ ಹೇಳಿ ನೋಡಿದೆ: "ನೀವ ಹೋಗಿ ಒಮ್ಮಿ ಮಂಗಳ ಹಾಡಿಬಿಡ್ರಿ. ಮುಗದು ಹೋಗ್ಲಿ."

ಚಿಕ್ಕಪ್ಪ ನನ್ನನ್ನೇ ದಿಟ್ಟಿಸಿದರು. "ಹಾಡಿದ್ರ ಎದ್ದು ಹೋಗ್ತಾಳಲ್ಲೋ."

ಕಳೆದ ವಾರ ಅವರನ್ನು ಕರೆತರಲು ಹೋದೆ. ಬೈಕನ್ನು ದೂರದಲ್ಲೇ ನಿಲ್ಲಿಸಿ, ಸಪ್ಪಳವಾಗದಂತೆ ನಡೆದು ಗೇಟಿನವರೆಗೆ ಬಂದೆ. ಬಯಲಿನ ನಡುವೆ ಚಿಕ್ಕಪ್ಪ ನನಗೆ ಬೆನ್ನು ಮಾಡಿ ಕುಳಿತಿದ್ದರು. ಏನೋ ಹೇಳುತ್ತಿದ್ದರು, ನಿಲ್ಲಿಸಿ ಕೇಳಿಸಿಕೊಳ್ಳುತ್ತಿದ್ದರು, ನಗುತ್ತಿದ್ದರು.

ತಿರುಗದೆಯೇ ಅಂದರು: "ಒಳಗ ಬಾ ತಮ್ಮಾ. ಗೇಟಿನ ಹತ್ರ ನಿಂತಾನ ಅಂತ ಆಗ್ಲೇ ಹೇಳಿದ್ಲು."

ನಾನು ಗೇಟು ತೆರೆಯಲಿಲ್ಲ.